ಗೋಡೆ ಪಕ್ಕದ ಎರಡಡಿ ಪಟ್ಟಿ: ಬಸಳೆಯೋ, ಫೌಂಟನ್ ಗ್ರಾಸೋ?

ಪ್ರಶ್ನೆ: ಮನೆಯ ಪಶ್ಚಿಮದ ಗೋಡೆಗೆ ತಾಗಿ 12 ಅಡಿ ಉದ್ದ, 2 ಅಡಿ ಅಗಲದ ಮಣ್ಣಿನ ಪಟ್ಟಿ ಇದೆ. ಗೋಡೆ 7 ಅಡಿ ಎತ್ತರ. ಮಧ್ಯಾಹ್ನದಿಂದ ಸಂಜೆವರೆಗೆ ಚೆನ್ನಾಗಿ ಬಿಸಿಲು ಬೀಳುತ್ತದೆ. ಒಬ್ಬರು ಬಸಳೆ ಹಬ್ಬಿಸೋಣ ಎನ್ನುತ್ತಾರೆ, ಇನ್ನೊಬ್ಬರಿಗೆ ನೇರಳೆ ಫೌಂಟನ್ ಗ್ರಾಸ್ ಎಂಬ ಅಂದದ ಹುಲ್ಲಿನ ಸಾಲು ಬೇಕು. ಯಾವುದಕ್ಕೆ ಕೆಲಸ ಕಡಿಮೆ? ಎರಡನ್ನೂ ಅದೇ ಪಟ್ಟಿಯಲ್ಲಿ ಬೆಳೆಸಬಹುದೇ?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಅದೇ ಮಣ್ಣಿನಲ್ಲಿ ಎರಡೂ ಬೇಡ. ಬಸಳೆಗೆ ಬೇಕಾದಷ್ಟು ನೀರು, ಗೊಬ್ಬರ ಕೊಟ್ಟರೆ ಹುಲ್ಲು ಸೊಕ್ಕಿ ಬೆಳೆದು ನಡುವಿನಿಂದ ಇಬ್ಭಾಗವಾಗಿ ಮಲಗುತ್ತದೆ. ಹುಲ್ಲಿಗೆ ಹಿತವಾದ ಒಣ, ಬಡ ಮಣ್ಣಿನಲ್ಲಿ ಬಸಳೆಯ ಎಲೆ ಸಣ್ಣದಾಗುತ್ತದೆ, ದಂಟು ನಾರಾಗುತ್ತದೆ. ಇದರ ಮೇಲೆ ಹುಲ್ಲಿನ ಬೇರು ದಟ್ಟವಾದ ಜಾಲ. ಬುಡದ ಸುತ್ತ ಎರಡಡಿಯವರೆಗೆ ಮೇಲ್ಮಣ್ಣಿನ ತೇವವನ್ನೆಲ್ಲ ಅದೇ ಹೀರುತ್ತದೆ. ಬಸಳೆಯ ಬೇರೂ ಹೆಚ್ಚಾಗಿ ಆ ಮೇಲ್ಮಣ್ಣಿನಲ್ಲೇ ಇರುವುದರಿಂದ ಈ ಪೈಪೋಟಿಯಲ್ಲಿ ಸೋಲುವುದು ಬಸಳೆ. ಎರಡೂ ಬೇಕೇ ಬೇಕು ಎನ್ನುವವರಿಗೆ ಬೇರೆ ದಾರಿ ಇದೆ, ಕೊನೆಯಲ್ಲಿ ಹೇಳುತ್ತೇನೆ.

ಇನ್ನು ಕೆಲಸದ ಮಾತು. ಫೌಂಟನ್ ಗ್ರಾಸ್ ಬೇರೂರಿದ ಮೇಲೆ ವರ್ಷಕ್ಕೊಮ್ಮೆ ಕತ್ತರಿ ಕೇಳುತ್ತದೆ, ಎರಡು ಮೂರು ವರ್ಷಕ್ಕೊಮ್ಮೆ ಬುಡ ಒಡೆದು ಮತ್ತೆ ನೆಡಬೇಕು. ಬಸಳೆಗೆ ಬೆಳೆಯುವ ಕಾಲದಲ್ಲಿ ವಾರಕ್ಕೊಮ್ಮೆ ಕತ್ತರಿ ಬೇಕು, ವಾರಕ್ಕೆ ಎರಡು ಮೂರು ಸಲ ನೀರು ಬೇಕು. ಹಾಗೆಂದು ಹುಲ್ಲೇ ಸುಲಭ ಎಂದು ತೀರ್ಮಾನಿಸಬೇಡಿ. ಬಸಳೆಯ ಕತ್ತರಿ ಕೆಲಸವೇ ಅದರ ಕೊಯ್ಲು. ವಾರವಾರ ಸೊಪ್ಪು ಬಳಸುವವರಿದ್ದರೆ ಅದನ್ನು ಕೆಲಸದ ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಬಳಸುವವರಿಲ್ಲದೆ ಬರೀ ಹಸಿರಿಗೆಂದು ಬಸಳೆ ಹಾಕಿದರೆ ಮಾತ್ರ ಅದು ಹೊರೆ. ಎರಡು ತಿಂಗಳಲ್ಲಿ ಗೋಡೆಯ ನೆತ್ತಿಯ ಮೇಲೆ ಗೋಜಲು, ಕೆಳಗೆ ಬೋಳು ದಂಟು. ಆದ್ದರಿಂದ ನಿಮ್ಮ ಮನೆಯಲ್ಲಿ ಮೊದಲು ಇತ್ಯರ್ಥವಾಗಬೇಕಾದದ್ದು ಅಂದವೋ ಅಡುಗೆಯೋ ಎಂಬುದಲ್ಲ. ವಾರಕ್ಕೊಮ್ಮೆ ಆ ಗೋಡೆಯ ಹತ್ತಿರ ಕತ್ತರಿ ಹಿಡಿದು ಯಾರಾದರೂ ನಿಲ್ಲುತ್ತಾರೆಯೇ ಎಂಬುದು.

ನಿಮ್ಮ ಜಾಗವನ್ನೇ ನೋಡೋಣ. ಪಟ್ಟಿಯ ವಿಸ್ತೀರ್ಣ 24 ಚದರ ಅಡಿ, ಅಂದರೆ ಸುಮಾರು 2.2 ಚದರ ಮೀಟರ್. ನೇರಳೆ ಫೌಂಟನ್ ಗ್ರಾಸ್ 3ರಿಂದ 4 ಅಡಿ ಎತ್ತರ, 2ರಿಂದ 3 ಅಡಿ ಅಗಲ ಬೆಳೆಯುತ್ತದೆ. ಎರಡಡಿ ಪಟ್ಟಿಯ ನಡುಗೆರೆಯಲ್ಲಿ ನೆಟ್ಟರೂ ಎಲೆಗಳು ಹೊರಕ್ಕೆ ಅರ್ಧ ಅಡಿಯಾದರೂ ಚಾಚುತ್ತವೆ. ಹಿಂದೆ ಗೋಡೆ ಬೆಳಕನ್ನು ತಡೆಯುವುದರಿಂದ ಇಡೀ ಬುಡವೇ ಮುಂದಕ್ಕೆ ವಾಲುತ್ತದೆ. ಪಟ್ಟಿಯ ಪಕ್ಕದಲ್ಲೇ ಓಡಾಡುವ ದಾರಿಯಿದ್ದರೆ ತೆನೆಯ ಮುಳ್ಳುಗೂದಲು ಬಟ್ಟೆಗೂ ಸಾಕುಪ್ರಾಣಿಗಳ ಮೈಗೂ ಅಂಟಿಕೊಳ್ಳುತ್ತದೆ. ಗೋಡೆಯ ಕೆಳಗಿನ ಅರ್ಧ ಮಾತ್ರ ಮರೆಯಾಗುತ್ತದೆ, ಮೇಲಿನ ಮೂರು ನಾಲ್ಕು ಅಡಿ ಹಾಗೆಯೇ ಕಾಣುತ್ತದೆ. ಬಸಳೆ ಅಗಲದಲ್ಲಿ ಒಂದಡಿಗಿಂತ ಹೆಚ್ಚು ಜಾಗ ಕೇಳುವುದಿಲ್ಲ, ಎತ್ತರವನ್ನು ಪೂರ್ತಿ ತುಂಬುತ್ತದೆ. ಅದೂ ಅಲ್ಲದೆ ಸಂಜೆಯ ಬಿಸಿಲು ಗೋಡೆಗೆ ನೇರವಾಗಿ ಹೊಡೆಯದಂತೆ ಎಲೆಗಳು ತಡೆಯುತ್ತವೆ. ಜಾಗದ ಆಕಾರವನ್ನಷ್ಟೇ ನೋಡಿದರೆ ಇದು ಬಳ್ಳಿಯ ಜಾಗ.

ಬಸಳೆಯಲ್ಲಿ ಎರಡು ಬಗೆ ಸಾಮಾನ್ಯ: ಹಸಿರು ದಂಟಿನದು, ಕೆಂಪು ದಂಟಿನದು. ಎರಡರ ಆರೈಕೆಯೂ ಒಂದೇ. ಸಾಲು ನೋಡಲು ಚೆನ್ನಾಗಿರಬೇಕು ಎನ್ನುವವರಿಗೆ ಕೆಂಪು ದಂಟಿನದು ಹಿಡಿಸುತ್ತದೆ, ನೇರಳೆ ಬಣ್ಣ ಬೇಕೆನ್ನುವವರಿಗೂ ಅರ್ಧ ಸಮಾಧಾನ. ಬೀಜದ ಸಿಪ್ಪೆ ಗಟ್ಟಿ. ಹಾಗೇ ಬಿತ್ತಿದರೆ ಮೂರು ವಾರವಾದರೂ ಮೊಳಕೆ ಕಾಣದಿರಬಹುದು. ಮರಳು ಕಾಗದದಲ್ಲಿ ಹಗುರವಾಗಿ ಉಜ್ಜಿ, 24 ಗಂಟೆ ನೀರಿನಲ್ಲಿ ನೆನೆಸಿ, 1 ಸೆಂ.ಮೀ. ಆಳಕ್ಕೆ ಬಿತ್ತಿದರೆ ಬೇಗ ಏಳುತ್ತದೆ. ಅದಕ್ಕಿಂತ ಸುಲಭ ಕಡ್ಡಿ ನಾಟಿ. ಬಲಿತ ಬಳ್ಳಿಯಿಂದ 15–20 ಸೆಂ.ಮೀ. ಉದ್ದದ, ಮೂರು ನಾಲ್ಕು ಗೆಣ್ಣಿರುವ ತುಂಡು ತೆಗೆದು, ಕೆಳಗಿನ ಎಲೆಗಳನ್ನು ಕಿತ್ತು, ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ನೆಡಿ. ಒಂದೆರಡು ವಾರ ನೆರಳು, ತೇವ ಸಿಕ್ಕರೆ ಬೇರು ಬಿಡುತ್ತದೆ. ಬೀಜದಿಂದ ಮೊದಲ ಕೊಯ್ಲಿಗೆ ಎರಡು ತಿಂಗಳ ಮೇಲಾಗುತ್ತದೆ, ಕಡ್ಡಿಯಿಂದ ಅದಕ್ಕಿಂತ ಬೇಗ.

ಕಡ್ಡಿಯನ್ನು ಬೇರೆಯವರಿಂದ ತರುವಾಗ ಒಂದು ಎಚ್ಚರ. ಬಸಳೆಯದೇ ಕುಟುಂಬದ ಆನ್ರಡೆರಾ ಕಾರ್ಡಿಫೋಲಿಯಾ ಎಂಬ ಬಳ್ಳಿ, ಮಡೀರಾ ಬಳ್ಳಿ ಎಂದೂ ಕರೆಯುತ್ತಾರೆ, ಎಲೆಯಲ್ಲಿ ಬಸಳೆಯಂತೆಯೇ ಕಾಣುತ್ತದೆ. ಅದರ ಎಲೆಯ ಕಂಕುಳಲ್ಲಿ ನರುಲಿಯಂಥ ಗಂಟುಗಡ್ಡೆಗಳು ಮೂಡುತ್ತವೆ. ಉದುರಿದ ಪ್ರತಿ ಗಡ್ಡೆಯೂ ಹೊಸ ಬಳ್ಳಿಯಾಗುತ್ತದೆ. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ಹವಾಯಿಯಲ್ಲಿ ಅದು ಕಾಡುಮರಗಳನ್ನೇ ಮುಚ್ಚುವ ಕಳೆ. ಬಸಳೆಗೆ ಇಂಥ ಗಂಟು ಇರುವುದಿಲ್ಲ. ಅದರ ಹೂ ಪೂರ್ತಿ ಅರಳದ ಸಣ್ಣ ಬಿಳಿ-ಗುಲಾಬಿ ಮೊಗ್ಗಿನಂತಿದ್ದು, ನಂತರ ಕಡುನೇರಳೆ ಕಾಯಾಗುತ್ತದೆ. ಮಡೀರಾ ಬಳ್ಳಿಯದು ಜೋತುಬಿದ್ದ ಉದ್ದನೆಯ, ಪರಿಮಳದ ಬಿಳಿ ಹೂಗೊಂಚಲು. ದಂಟಿನ ಮೇಲೆ ಗಂಟು ಕಂಡರೆ ಕಡ್ಡಿ ತರಲೇಬೇಡಿ.

ಗೋಡೆಬದಿಯ ಮಣ್ಣಿನಲ್ಲಿ ಕಟ್ಟಡದ ಗಾರೆ ಚೂರು, ಸಿಮೆಂಟ್ ಪುಡಿ ಸೇರಿರುವುದು ಸಾಮಾನ್ಯ. ಅದರಿಂದ ಮಣ್ಣು ಕ್ಷಾರವಾಗುತ್ತದೆ. ಮಣ್ಣಿನ ಹುಳಿ-ಕ್ಷಾರದ ಅಳತೆಯಾದ ಪಿಎಚ್ 7.5 ದಾಟಿದರೆ ಬಸಳೆಗೆ ಕಬ್ಬಿಣದ ಅಂಶ ಸಿಗದೆ ಹೊಸ ಎಲೆಗಳು ನರ ಹಸಿರು, ನಡುವೆ ಹಳದಿ ಆಗುತ್ತವೆ. ಎಷ್ಟು ಗೊಬ್ಬರ ಹಾಕಿದರೂ ಅದು ಸರಿಹೋಗುವುದಿಲ್ಲ, ಕಾರಣ ಗೊಬ್ಬರದ ಕೊರತೆಯಲ್ಲ. ಒಂದಡಿ ಆಳಕ್ಕೆ ಅಗೆದು ಗಾರೆ, ಕಲ್ಲು ಆರಿಸಿ ತೆಗೆಯಿರಿ. ಮೇಲೆ 5 ಸೆಂ.ಮೀ. ದಪ್ಪಕ್ಕೆ ಕಳಿತ ಕಾಂಪೋಸ್ಟ್ ಹರಡಿ ಮಣ್ಣಿಗೆ ಬೆರೆಸಿ. ನಿಮ್ಮ ಪಟ್ಟಿಗೆ ಇದು 110 ಲೀಟರ್, ಹತ್ತು ಲೀಟರಿನ ಬಕೆಟ್ಟಿನಲ್ಲಿ ಹನ್ನೊಂದು. ಪಿಎಚ್ 6ರಿಂದ 7ರ ಒಳಗಿದ್ದರೆ ಬಸಳೆಗೆ ಹೇಳಿ ಮಾಡಿಸಿದಂತೆ.

12 ಅಡಿಗೆ ಆರು ಗಿಡ ಸಾಕು, ಎರಡಡಿಗೊಂದು. ಒಂದಡಿಗೊಂದರಂತೆ ಹನ್ನೆರಡು ನೆಡುವವರಿದ್ದಾರೆ. ಒಂದು ಮನೆಗೆ ಅಷ್ಟು ಸೊಪ್ಪು ಕೊಯ್ದು ಮುಗಿಯುವುದಿಲ್ಲ, ಒಳಗೆ ಗಾಳಿಯಾಡದೆ ಎಲೆಚುಕ್ಕೆ ರೋಗ ಬರುತ್ತದೆ. ಗೋಡೆಯಿಂದ ಒಂದಡಿ ಮುಂದೆ ನೆಡಿ. ಗೋಡೆಯ ಬುಡಕ್ಕೆ ಮಳೆ ಸರಿಯಾಗಿ ಬೀಳುವುದಿಲ್ಲ, ಮಣ್ಣು ಬೇಗ ಒಣಗುತ್ತದೆ.

ಚಪ್ಪರದ ವಿಷಯಕ್ಕೆ ಬರೋಣ, ಹೆಚ್ಚಿನವರು ಎಡವುವುದು ಇಲ್ಲೇ. ಬಸಳೆ ಗೋಡೆಗೆ ಅಂಟಿಕೊಂಡು ಏರುವ ಬಳ್ಳಿಯಲ್ಲ. ಅದಕ್ಕೆ ಹಿಡಿಬೇರೂ ಇಲ್ಲ, ನುಲಿತಂತುವೂ ಇಲ್ಲ. ದಂಟೇ ಆಸರೆಗೆ ಸುತ್ತಿಕೊಳ್ಳುತ್ತದೆ. ಸುತ್ತಲು ಲಂಬವಾದ, ಬೆರಳಿಗಿಂತ ದಪ್ಪವಿಲ್ಲದ ವಸ್ತು ಬೇಕು. ಬರೀ ಅಡ್ಡ ತಂತಿ ಎಳೆದರೆ ದಂಟು ಅದರ ಮೇಲೆ ಬಿದ್ದುಕೊಂಡು ಜೋಲುತ್ತದೆ. ದಪ್ಪ ಪೈಪನ್ನು ಸುತ್ತಲಾರದು. ಎರಡು ತುದಿಗೆ, ನಡುವೆ ಒಂದು, ಹೀಗೆ ಮೂರು ಕಂಬಗಳನ್ನು ಒಂದೂವರೆ ಅಡಿ ಆಳಕ್ಕೆ ಹೂಳಿ, ನೆತ್ತಿಯಲ್ಲಿ ಒಂದು, ನೆಲದಿಂದ ಅರ್ಧ ಅಡಿ ಮೇಲೆ ಇನ್ನೊಂದು ಬಿಗಿಯಾದ ತಂತಿ ಎಳೆಯಿರಿ. ಅವೆರಡರ ನಡುವೆ 15–20 ಸೆಂ.ಮೀ.ಗೊಂದರಂತೆ ಸೆಣಬಿನ ಹುರಿ ಕಟ್ಟಿ. ಚಪ್ಪರಕ್ಕೂ ಗೋಡೆಗೂ 15 ಸೆಂ.ಮೀ. ಅಂತರವಿರಲಿ, ಇಲ್ಲವಾದರೆ ಗಾರೆ ಒದ್ದೆಯಾಗಿಯೇ ಉಳಿಯುತ್ತದೆ, ಹಿಂಬದಿಯ ಎಲೆಗಳು ಕೊಳೆಯುತ್ತವೆ. ನೈಲಾನ್ ಹುರಿ ಹೆಚ್ಚು ಬಾಳುತ್ತದೆ ನಿಜ, ಆದರೆ ಹಂಗಾಮು ಮುಗಿದಾಗ ಒಣಬಳ್ಳಿಯನ್ನು ಅದರಿಂದ ಬಿಡಿಸುವುದು ಅರ್ಧ ದಿನದ ಪಾಡು. ಸೆಣಬಿನದಾದರೆ ಕತ್ತರಿಸಿ ಬಳ್ಳಿಯ ಸಮೇತ ಗೊಬ್ಬರದ ಗುಂಡಿಗೆ ಹಾಕಬಹುದು. ಕಂಬಗಳನ್ನು ಗಟ್ಟಿಯಾಗಿಯೇ ಹೂಳಿ, ಮಳೆಯಲ್ಲಿ ನೆನೆದ ಬಸಳೆಯ ಭಾರ ಕಮ್ಮಿಯದಲ್ಲ.

ಬಳ್ಳಿ ಒಂದಡಿ ಎತ್ತರವಾದಾಗ ತುದಿ ಚಿವುಟಿ. ಇಷ್ಟು ಬೇಗ ಚಿವುಟಲು ಮನಸ್ಸು ಬರುವುದಿಲ್ಲ, ಆದರೆ ಮೇಲೆ ಕಾಡು ಕೆಳಗೆ ಬೋಳು ಆಗುವುದು ಇದನ್ನು ಬಿಟ್ಟಾಗಲೇ. ತುದಿಕುಡಿ ಇರುವವರೆಗೆ ಕೆಳಗಿನ ಕಂಕುಳ ಮೊಗ್ಗುಗಳು ಎಚ್ಚರಗೊಳ್ಳುವುದಿಲ್ಲ. ಚಿವುಟಿದ ಮೇಲೆ ಮೂರು ನಾಲ್ಕು ಕವಲು ಹೊರಡುತ್ತವೆ, ಒಂದೊಂದನ್ನು ಒಂದೊಂದು ಹುರಿಗೆ ಹಚ್ಚಿ. ಬಳ್ಳಿ ಮೂರಡಿ ಮುಟ್ಟಿದ ಮೇಲೆ ಕೊಯ್ಲು ಶುರು. 15–20 ಸೆಂ.ಮೀ. ಉದ್ದದ ಎಳೆ ಕುಡಿಗಳನ್ನು ಗೆಣ್ಣಿನ ತುಸು ಮೇಲೆ ಕತ್ತರಿಸಿ. ಒಂದೇ ಸಲ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಕತ್ತರಿಸಿದಲ್ಲೆಲ್ಲ ಒಂದೆರಡು ಹೊಸ ಕುಡಿ ಬರುತ್ತವೆ. ಬಿಟ್ಟರೆ ಬಸಳೆ 9 ಮೀಟರ್‌ವರೆಗೂ ಹೋಗಬಲ್ಲದು. ನೆತ್ತಿಯ ತಂತಿ ದಾಟಿದ ಕುಡಿಯನ್ನು ಕೊಯ್ಯಿರಿ, ಕೆಳಕ್ಕೆ ಬಾಗಿಸಿ ಬಿಡಬೇಡಿ.

ನೀರಿನ ಲೆಕ್ಕ ಸುಲಭ. ವಾರಕ್ಕೆ 25 ಮಿ.ಮೀ. ಮಳೆಯಷ್ಟು ನೀರು ಬಸಳೆಗೆ ಬೇಕು. ಚದರ ಮೀಟರಿಗೆ 1 ಮಿ.ಮೀ. ಅಂದರೆ 1 ಲೀಟರ್, ಹಾಗಾಗಿ ನಿಮ್ಮ ಪಟ್ಟಿಗೆ ವಾರಕ್ಕೆ 55 ಲೀಟರ್. ಎರಡು ಮೂರು ಕಂತಿನಲ್ಲಿ ಕೊಡಿ. ಪಶ್ಚಿಮದ ಗೋಡೆ ಸಂಜೆ ಕಾದು ರಾತ್ರಿ ತನಕ ಬಿಸಿ ಹೊರಹಾಕುವುದರಿಂದ ಬಿರುಬೇಸಗೆಯಲ್ಲಿ ಇದರ ದುಪ್ಪಟ್ಟು ಬೇಕಾಗಬಹುದು. ಬುಡಕ್ಕೆ 5 ಸೆಂ.ಮೀ. ಒಣ ಎಲೆಯ ಹೊದಿಕೆ ಹಾಕಿದರೆ ಈ ಖರ್ಚು ಇಳಿಯುತ್ತದೆ. ನೀರು ಬುಡಕ್ಕೇ ಹೋಗಲಿ. ಎಲೆಯ ಮೇಲೆ ಎರಚಿದರೆ ಮಣ್ಣು ಸಿಡಿದು, ನಡುವೆ ಬೂದು ಸುತ್ತ ಕೆನ್ನೇರಳೆ ಅಂಚಿನ, ಕಣ್ಣಿನಂಥ ಚುಕ್ಕೆಗಳು ಬರುತ್ತವೆ. ಅದು ಶಿಲೀಂಧ್ರದ ರೋಗ. ಚುಕ್ಕೆ ಬಿದ್ದ ಎಲೆಗಳನ್ನು ಕಿತ್ತು ದೂರ ಹಾಕಿ, ನೆಲದಿಂದ ಒಂದಡಿವರೆಗಿನ ಎಲೆಗಳನ್ನು ತೆಗೆದು ಗಾಳಿ ಬಿಡಿಸಿ. ತಿನ್ನುವ ಸೊಪ್ಪಾದ್ದರಿಂದ ಔಷಧಿ ಸಿಂಪಡಣೆಯ ಯೋಚನೆ ಬೇಡ. ಗೊಬ್ಬರ ಮೂರು ವಾರಕ್ಕೊಮ್ಮೆ ಗಿಡಕ್ಕೆ ಎರಡು ಹಿಡಿ ಎರೆಗೊಬ್ಬರ ಸಾಕು.

ಮಣ್ಣು ತೇವವಿದ್ದರೂ ಮಧ್ಯಾಹ್ನ ಬಳ್ಳಿ ಸೊರಗಿ, ಎಲೆ ಹಳದಿಯಾಗುತ್ತ ಬಂದರೆ ಒಂದು ಗಿಡ ಕಿತ್ತು ಬೇರು ನೋಡಿ. ಬೇರಿನಲ್ಲೇ ಗಂಟುಗಂಟಾಗಿ ಊದಿದ್ದರೆ ಅದು ಬೇರುಗಂಟು ಜಂತು, ಮಣ್ಣಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಹುಳು. ಬಸಳೆಗೆ ಕಾಡುವ ಕೀಟಬಾಧೆ ಕಮ್ಮಿ, ಆದರೆ ಈ ಜಂತಿಗೆ ಅದು ಸುಲಭದ ತುತ್ತು. ಟೊಮೆಟೊ, ಬದನೆ, ಬೆಂಡೆ ಬೆಳೆದಿದ್ದ ಮಣ್ಣಿನಲ್ಲಿ ಇದು ಮೊದಲೇ ಇರುವ ಸಂಭವ ಹೆಚ್ಚು. ಅಂಥ ಜಾಗದಲ್ಲಿ ಒಂದು ಹಂಗಾಮು ಚೆಂಡುಹೂವನ್ನು ಒತ್ತಾಗಿ ಬೆಳೆಸಿ ಮಣ್ಣಿಗೆ ಸೇರಿಸಿ, ಆಮೇಲೆ ಬಸಳೆ ಹಾಕಿ. ಅದಕ್ಕಾಗಿ ಕಾಯುವ ಬದಲು ಆ ಪಟ್ಟಿಗೆ ಹುಲ್ಲನ್ನೇ ಹಾಕುತ್ತೇನೆ ಎಂದರೆ ನನ್ನ ತಕರಾರಿಲ್ಲ.

ಬಸಳೆ ಬಿಸಿಯ ಗಿಡ. 25 ಡಿಗ್ರಿ ಸೆಲ್ಸಿಯಸ್ ಮೇಲೆ ಓಟ, ಚಳಿಯಲ್ಲಿ ತೆವಳು, ಹಿಮ ಬಿದ್ದರೆ ಸಾವು. ಹಗಲು ಸುಮಾರು 13 ಗಂಟೆಗಿಂತ ಕಡಿಮೆಯಾಗುತ್ತ ಬಂದಾಗ ಹೂ ಕಟ್ಟುತ್ತದೆ. ಹೂ ಬಂದ ಕವಲಿನ ಎಲೆ ಕಿರಿದಾಗಿ ಗಡುಸಾಗುತ್ತದೆ. ಹೂಗುಡಿಗಳನ್ನು ಚಿವುಟುತ್ತ ಹೋದರೆ ಕೆಲವು ವಾರ ತಳ್ಳಬಹುದು, ಗೊಬ್ಬರ ಸುರಿದು ತಡೆಯಲಾಗದು. ಹೂವಿಗೆ ಮುಂಚೆಯೇ ಒಂದಿಷ್ಟು ಕಡ್ಡಿ ತೆಗೆದು ಕುಂಡದಲ್ಲಿ ಬೇರು ಬಿಡಿಸಿಟ್ಟುಕೊಳ್ಳುವುದು ಜಾಣತನ. ಕಾಯಿಯ ರಸ ಗೋಡೆಯ ಬಣ್ಣಕ್ಕೂ ನೆಲದ ಕಲ್ಲಿಗೂ ಕಲೆ ಹಿಡಿಸುತ್ತದೆ, ಬಿದ್ದ ಕಾಯಿಗಳಿಂದ ಸಸಿಗಳೂ ಏಳುತ್ತವೆ. ಕೈಯಲ್ಲಿ ಕಿತ್ತರೆ ಬರುತ್ತವೆ, ಅಷ್ಟೇನೂ ಕಷ್ಟವಲ್ಲ. ಮೂತ್ರಪಿಂಡದಲ್ಲಿ ಕಲ್ಲಾಗುವವರು ಬಸಳೆಯಲ್ಲಿ ಕಲ್ಲಿಗೆ ಕಾರಣವಾಗಬಲ್ಲ ಆಕ್ಸಲೇಟ್ ಇದೆ ಎಂಬುದನ್ನು ನೆನಪಿಡಬೇಕು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಹಸಿರು ಸೊಪ್ಪಿನ ಪ್ರಮಾಣವನ್ನು ದಿಢೀರನೆ ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಬೇಕು, ಸೊಪ್ಪಿನಲ್ಲಿರುವ ವಿಟಮಿನ್ ಕೆ ಆ ಮಾತ್ರೆಯ ಕೆಲಸಕ್ಕೆ ಎದುರು.

ಈಗ ಹುಲ್ಲು. ಇದರ ಆರೈಕೆಯ ಬಗ್ಗೆ ಹೇಳುವುದು ಕಡಿಮೆ, ಆಯ್ಕೆಯ ಬಗ್ಗೆ ಹೇಳುವುದು ಹೆಚ್ಚು. ಫೌಂಟನ್ ಗ್ರಾಸ್ ಎಂಬ ಹೆಸರಿನಲ್ಲಿ ಸಿಗುವುದೆಲ್ಲ ಒಂದೇ ಅಲ್ಲ. ಹಸಿರೆಲೆಯ ಪೆನ್ನಿಸೆಟಮ್ ಸೆಟೇಸಿಯಮ್, ಈಗಿನ ವರ್ಗೀಕರಣದಲ್ಲಿ ಸೆಂಕ್ರಸ್ ಸೆಟೇಸಿಯಸ್, ನಮ್ಮ ಸಜ್ಜೆಯ ಕುಲಕ್ಕೇ ಸೇರಿದ್ದು. ಪರಾಗಸ್ಪರ್ಶದ ಹಂಗಿಲ್ಲದೆ ಬೀಜ ಕಟ್ಟುತ್ತದೆ, ಬೀಜ ಗಾಳಿಯಲ್ಲಿ ಹಾರಿ ವರ್ಷಗಟ್ಟಲೆ ಮಣ್ಣಿನಲ್ಲಿ ಜೀವ ಹಿಡಿದಿರುತ್ತದೆ. ಹವಾಯಿ, ಕ್ಯಾಲಿಫೋರ್ನಿಯಾ, ಅರಿಜೋನಾ, ಕ್ಯಾನರಿ ದ್ವೀಪಗಳಲ್ಲಿ ಅದು ಬಯಲಿಗೆ ಹಬ್ಬಿದೆ. ಒಣಗಿದ ಬುಡಗಳು ಕಾಳ್ಗಿಚ್ಚಿಗೆ ಉರುವಲಾಗುತ್ತವೆ, ಸುಟ್ಟ ಮೇಲೆ ಮೊದಲು ಚಿಗುರುವುದೂ ಅದೇ. ಐರೋಪ್ಯ ಒಕ್ಕೂಟ 2017ರಲ್ಲಿ ಇದನ್ನು ಆಕ್ರಮಣಕಾರಿ ಸಸ್ಯಗಳ ಪಟ್ಟಿಗೆ ಸೇರಿಸಿತು. ಈ ಹಸಿರು ಬಗೆಯನ್ನು ಎಲ್ಲಿಯೂ ನೆಡಬೇಡಿ ಎಂಬುದು ನನ್ನ ಖಚಿತ ಸಲಹೆ.

ನಿಮಗೆ ಬೇಕಾದ ನೇರಳೆ ಎಲೆಯ ‘ರುಬ್ರಮ್’ ಬೇರೆ ಬಗೆ, ಬೀಜ ಕಟ್ಟುವುದು ತೀರಾ ವಿರಳ. ಅದನ್ನು ಬುಡ ಒಡೆದೇ ಹೆಚ್ಚಿಸುತ್ತಾರೆ. ಅಂದಮೇಲೆ ‘ನೇರಳೆ ಫೌಂಟನ್ ಗ್ರಾಸ್ ಬೀಜ’ ಎಂದು ಪೊಟ್ಟಣದಲ್ಲಿ ಮಾರುವುದನ್ನು ನಂಬಬೇಡಿ, ಒಳಗಿರುವುದು ಹಸಿರು ಬಗೆಯೋ ಇನ್ನಾವುದೋ. ಗಿಡವನ್ನೇ ಕೊಳ್ಳಿ, ಹೊಸ ಎಲೆ ಬುಡದಿಂದಲೇ ನೇರಳೆಯಾಗಿದೆಯೇ ನೋಡಿ. ‘ರುಬ್ರಮ್’ಗೂ ಹಿಮ ಆಗದು. ಗಟ್ಟಿ ಚಳಿಯ ಊರಿನವರು ಪೆನ್ನಿಸೆಟಮ್ ಅಲೊಪೆಕ್ಯುರಾಯ್ಡಿಸ್‌ನ ‘ಹ್ಯಾಮೆಲ್ನ್’ ತಳಿ ನೋಡಬಹುದು. ಎರಡೂವರೆ ಅಡಿ ಒಳಗಿನ ಎತ್ತರ, ಎಲೆ ಮಾತ್ರ ಹಸಿರು.

12 ಅಡಿಗೆ ಐದು ಬುಡ, 70–75 ಸೆಂ.ಮೀ. ಅಂತರ. ಕಾಂಪೋಸ್ಟ್ ಬೇಡ, ಮಣ್ಣು ಸಡಿಲವಾಗಿ ನೀರು ಬಸಿದರೆ ಸಾಕು. ಕುಂಡದಲ್ಲಿದ್ದಷ್ಟೇ ಆಳಕ್ಕೆ ನೆಡಿ. ಬುಡದ ಕೊರಳು ಮಣ್ಣಿನಡಿ ಹೋದರೆ ಕೊಳೆಯುತ್ತದೆ. ಮೊದಲ ಎರಡು ತಿಂಗಳು ವಾರಕ್ಕೆರಡು ಸಲ ನೀರು, ಆಮೇಲೆ ಒಣಹವೆಯಲ್ಲಿ ಹತ್ತು ಹದಿನೈದು ದಿನಕ್ಕೊಮ್ಮೆ ಆಳವಾಗಿ. ಬಣ್ಣ ಬರಲು ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು. ನಿಮ್ಮ ಪಶ್ಚಿಮದ ಬಿಸಿಲು ಐದಾರು ಗಂಟೆಯದು, ಅಂಚಿನಲ್ಲಿದೆ. ಎದುರಿಗೆ ಮರವೋ ಕಟ್ಟಡವೋ ಇದ್ದು ನಾಲ್ಕು ಗಂಟೆಗೆ ಇಳಿದರೆ ನೇರಳೆ ಮಾಸಿ ಹಸಿರು ಕಂದು ಆಗುತ್ತದೆ, ತೆನೆಯೂ ಕಡಿಮೆ. ಅದೇ ನಾಲ್ಕು ಗಂಟೆಯಲ್ಲಿ ಬಸಳೆ ನಡೆಯುತ್ತದೆ.

ಚಳಿ ಮುಗಿದು ಹೊಸ ಚಿಗುರು ಏಳುವ ಮುನ್ನ ಇಡೀ ಬುಡವನ್ನು ಹುರಿಯಿಂದ ಕಟ್ಟಿ ನೆಲದಿಂದ 10–15 ಸೆಂ.ಮೀ. ಮೇಲೆ ಕತ್ತರಿಸಿ. ಕಟ್ಟದೆ ಕತ್ತರಿಸಿದರೆ ಅಂಗಳವೆಲ್ಲ ಹುಲ್ಲು. ಎಲೆಯಂಚು ಚರ್ಮ ಕೆರೆಯುತ್ತದೆ, ಕೈಗವಸು ಇರಲಿ. ಕತ್ತರಿಸದೆ ವರ್ಷ ದಾಟಿಸಿದರೆ ಒಣಹುಲ್ಲು ಹೊಸ ಚಿಗುರಿಗೆ ಬೆಳಕು ತಡೆಯುತ್ತದೆ. ಒಣಗಿದ ಬುಡ ಗೋಡೆಯ ಪಕ್ಕದಲ್ಲಿ ಬೆಂಕಿಗೂ ಆಹ್ವಾನ. ಎರಡು ಮೂರು ವರ್ಷಕ್ಕೆ ಬುಡದ ನಡುಭಾಗ ಸತ್ತು ಉಂಗುರದಂತೆ ಕಾಣುತ್ತದೆ. ಚಿಗುರು ಶುರುವಾಗುವಾಗ ಅಗೆದು ತೆಗೆದು, ಚೂಪಾದ ಸನಿಕೆಯಿಂದ ಮೂರು ನಾಲ್ಕು ಭಾಗ ಮಾಡಿ, ಹೊರಸುತ್ತಿನ ಭಾಗಗಳನ್ನು ಮಾತ್ರ ಮತ್ತೆ ನೆಡಿ. ಒಂದೊಂದರಲ್ಲಿ ಐದಾರು ಚಿಗುರಾದರೂ ಇರಲಿ.

ಹಾಗಾದರೆ ನಿಮ್ಮ ಪಟ್ಟಿಗೆ ಯಾವುದು? ಕೊಯ್ಯುವವರಿದ್ದರೆ ಬಸಳೆ. ಎರಡು ಮೂರು ವಾರ ಮನೆ ಬೀಗ ಹಾಕಿ ಹೋಗುವ ರೂಢಿಯಿದ್ದರೆ, ನಲ್ಲಿ ದೂರವಿದ್ದರೆ, ಮಣ್ಣಿನಲ್ಲಿ ಬೇರುಗಂಟು ಜಂತು ಇದ್ದರೆ ನೇರಳೆ ಹುಲ್ಲು. ಇಬ್ಬರ ಆಸೆಯೂ ಉಳಿಯಬೇಕೆಂದರೆ ಮಣ್ಣಿನಲ್ಲಿ ಬಸಳೆ, ಪಟ್ಟಿಯ ಎರಡು ತುದಿಗೆ 40 ಸೆಂ.ಮೀ. ಬಾಯಿಯ ಎರಡು ಕುಂಡಗಳಲ್ಲಿ ‘ರುಬ್ರಮ್’. ಕುಂಡ ಮಣ್ಣಿನ ಮೇಲಲ್ಲ, ಪಟ್ಟಿಯ ಹೊರಗೆ ಇಟ್ಟಿಗೆಯ ಮೇಲಿರಲಿ. ಇಲ್ಲವಾದರೆ ತಳದ ತೂತಿನಿಂದ ಬೇರು ಇಳಿದು ಬಸಳೆಯ ಪಾತಿಗೆ ಕೈಹಾಕುತ್ತದೆ. ಕುಂಡದ ಹುಲ್ಲಿಗೆ ನೆಲದ ಹುಲ್ಲಿನಷ್ಟು ತಾಳಿಕೆ ಇರುವುದಿಲ್ಲ, ಬಿರುಬಿಸಿಲಿನಲ್ಲಿ ವಾರಕ್ಕೆ ಎರಡು ಮೂರು ಸಲ ನೀರು ಬೇಕು. ಹುಲ್ಲಿನ ನಡುವಿನ ಅಗಲೆಲೆ ಕಳೆಗೆಂದು 2,4-ಡಿಯಂಥ ಕಳೆನಾಶಕ ಎಂದೂ ಬಳಸಬೇಡಿ. ಹುಲ್ಲನ್ನು ಬಿಟ್ಟು ಅಗಲೆಲೆಯನ್ನು ಕೊಲ್ಲುವ ಔಷಧಿ ಅದು, ಗಾಳಿಗೆ ತೇಲಿದ ಹನಿ ಸಾಕು ಬಸಳೆಯ ಕುಡಿ ಮುರುಟಲು.

ಗಿಡ ಕೊಳ್ಳುವ ಮುಂಚೆ ಪಟ್ಟಿಯ ನಡುವೆ ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿ ಬಸಿಯಲು ಬಿಡಿ. ಮತ್ತೆ ತುಂಬಿ ಅಳೆಯಿರಿ. ಗಂಟೆಗೆ ಕನಿಷ್ಠ 2.5 ಸೆಂ.ಮೀ. ಇಳಿದರೆ ಯಾವುದನ್ನಾದರೂ ನೆಡಬಹುದು. ಅದಕ್ಕಿಂತ ನಿಧಾನವಾದರೆ ಪಟ್ಟಿಯ ಹೊರ ಅಂಚಿಗೆ ಇಟ್ಟಿಗೆ ಕಟ್ಟಿ ಮಣ್ಣನ್ನು ಅರ್ಧ ಅಡಿ ಎತ್ತರಿಸಿಯೇ ಮುಂದಿನ ಕೆಲಸಕ್ಕೆ ಹೋಗಿ. ಆ ಎತ್ತರಿಸಿದ ಮಣ್ಣು ಗೋಡೆಗೆ ನೇರ ತಾಗದಂತೆ, ಗೋಡೆಯ ಕಡೆಗೂ ಒಂದು ಸಾಲು ಇಟ್ಟಿಗೆ ಕೊಟ್ಟು ನಡುವೆ ಸಂದು ಬಿಡಿ.